ಇಂಗ್ಲಿಷು ಕಲಿಯುವವನಿಗೆ ಸಾಹಿತ್ಯವೇಕೆ?

೧

ಇಂಗ್ಲಿಷು ಬೇಕೋ ಬೇಡವೋ ಎಂಬ ಹಳೆಯ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ತಣ್ಣಗಾಗಿದೆ. ಬೇಕು ಎಂದು ಮನೆಮನೆಯಲ್ಲಿಯೂ ತೀರ್ಮಾನವಾಗಿಹೋಗಿದೆ. ಅದನ್ನು ಕಲಿಯುವ ಬಗೆ ಯಾವುದು ಎಂಬ ವಿಷಯದಲ್ಲಿಯೂ ಈಚೆಗೆ ಭಿನ್ನಾಭಿಪ್ರಾಯ ಕಡಿಮೆಯಾಗುತ್ತಿರುವಂತೆ ತೋರುತ್ತದೆ. ಪೇಟೆಯ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಮೂರು ತಿಂಗಳಲ್ಲಿ ಇಂಗ್ಲಿಷು ಮಾತನಾಡಿಸುವ ಭರವಸೆಯ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಕಾಲೇಜಿನ ಪಠ್ಯಗಳಲ್ಲಿ ಕತೆ ಕವಿತೆಗಳು ಒಂದೊಂದಾಗಿ ಎದ್ದು ಹೋಗಿ, ಆ ಜಾಗದಲ್ಲಿ ಅರ್ಜಿ ಬರೆಯುವುದು, ಸಂದರ್ಶನವನ್ನು ಎದುರಿಸುವುದು, ಸಭೆಯ ವರದಿ ಸಿದ್ಧಪಡಿಸುವುದು ಮುಂತಾದ ಪಾಠಗಳು ಬಂದು ಕುಳಿತುಕೊಳ್ಳುತ್ತಿವೆ. ‘ನಮ್ಮ ಹುಡುಗರಿಗೆ ಬೇಕಾದದ್ದು ಭಾಷೆ, ಸಾಹಿತ್ಯವಲ್ಲ’ ಎಂಬುದು ಈ ಬದಲಾವಣೆಯ ಹಿಂದಿರುವ ಸೂತ್ರ. ಅಧ್ಯಾಪಕರ ಕೊಠಡಿಯಲ್ಲಿ ಸ್ನೇಹಿತರೊಬ್ಬರು ಇದನ್ನೇ ಇನ್ನೂ ಖಾರವಾಗಿ ಹೇಳಿದರು: ‘ಕಂಡರಿಯದ ಡ್ಯಾಫೊಡಿಲ್ ಹೂವನ್ನು ಕಟ್ಟಿಕೊಂಡು ಇವರೇನು ಮಾಡಬೇಕು ಸ್ವಾಮಿ? ರಜೆಯ ಚೀಟಿಯನ್ನು ತಪ್ಪಿಲ್ಲದೆ ಬರೆದರೆ ಸಾಕು.’

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷಿನ ಪಾಠಕ್ರಮದ ಮಾತು ನನಗೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಎರಡು ಬಗೆಯದು. ಇಂಗ್ಲಿಷಿನಲ್ಲಿ ತೇರ್ಗಡೆಯಾಗದೆ ಪದವಿಯನ್ನೇ ಕೈಬಿಡುವ ಹುಡುಗ ಹುಡುಗಿಯರಲ್ಲಿ ಬಹುಮಂದಿ ಕನ್ನಡ ಮಾಧ್ಯಮದಿಂದ ಬಂದವರು, ನನ್ನ ತರಗತಿಯಲ್ಲಿ ಚೆನ್ನಾಗಿಯೇ ಓದುವವರು. ಇದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯವಾದದ್ದು: ಒಂದು ಭಾಷೆಯಿಂದ ಅದರ ಸಾಹಿತ್ಯವನ್ನು ತೆಗೆದುಹಾಕಿ ಉಳಿದದ್ದನ್ನು ಕಲಿಸಬಹುದು ಎಂಬ ನಂಬಿಕೆ ಇಂದು ಇಂಗ್ಲಿಷಿಗೆ ಅನ್ವಯವಾದರೆ ನಾಳೆ ಕನ್ನಡಕ್ಕೂ ಅನ್ವಯವಾಗದೆ ಇರುವುದಿಲ್ಲ. ಆದ್ದರಿಂದ ಆ ನಂಬಿಕೆಯನ್ನೇ ಪರೀಕ್ಷಿಸಿ ನೋಡುವುದು ಒಳ್ಳೆಯದು.

೨

ಎದುರುಪಕ್ಷದ ಬಲವನ್ನು ಮೊದಲು ಒಪ್ಪಿಕೊಳ್ಳೋಣ. ಇಂಗ್ಲಿಷು ಸಾಹಿತ್ಯವನ್ನು ನಮ್ಮ ದೇಶದಲ್ಲಿ ಪಾಠವಾಗಿ ಇಟ್ಟದ್ದು ನಿನ್ನೆ ಮೊನ್ನೆಯಲ್ಲ. ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದದ್ದು ೧೮೩೫ರ ಫೆಬ್ರವರಿಯಲ್ಲಿ. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು ೧೮೫೭ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯ ೧೯೧೬ರಲ್ಲಿ. ಇಂಗ್ಲಿಷು ಸಾಹಿತ್ಯವು ಒಂದು ಅಧ್ಯಯನ ವಿಷಯವಾಗಿ ರೂಪುಗೊಂಡದ್ದು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ಎಂದೂ, ಆಳುವವರ ಅಗತ್ಯಗಳು ಅದರ ಹಿಂದೆ ಇದ್ದವು ಎಂದೂ ಗೌರಿ ವಿಶ್ವನಾಥನ್ ಅವರು ೧೯೮೯ರಲ್ಲಿ ಪ್ರಕಟವಾದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಎಂಬ ಗ್ರಂಥದಲ್ಲಿ ವಾದಿಸಿದ್ದಾರೆ. ಹೀಗೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಷೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತ್ ನಮ್ಮ ಹುಡುಗರ ಚೀಲದಲ್ಲಿ ಇದ್ದರು. ಇಷ್ಟಾದರೂ ಹತ್ತಾರು ವರ್ಷ ಕಲಿತವನು ಒಂದು ಪುಟ ಸ್ವಂತವಾಗಿ ಬರೆಯಲಾರದೆ ಹೋದರೆ, ದೋಷ ಸಾಹಿತ್ಯದ್ದೇ ಎಂದು ಹೇಳುವುದು ಸಹಜ.

ಆದರೆ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಸಾಹಿತ್ಯ ಪಠ್ಯದಲ್ಲಿತ್ತು, ಓದಿನಲ್ಲಿ ಇರಲಿಲ್ಲ. ಹುಡುಗನ ಕೈಯಲ್ಲಿದ್ದದ್ದು ಷೇಕ್ಸ್‌ಪಿಯರ್ ಅಲ್ಲ, ಷೇಕ್ಸ್‌ಪಿಯರ್ ಕುರಿತ ಗೈಡು. ಅಧ್ಯಾಪಕರು ಕವಿತೆಯ ಸಾರಾಂಶವನ್ನು ಹೇಳಿ ಬರೆಸುತ್ತಿದ್ದರು. ಹುಡುಗ ಅದನ್ನು ಉರು ಹೊಡೆಯುತ್ತಿದ್ದ. ಪರೀಕ್ಷಕರು ಅದೇ ಸಾರಾಂಶವನ್ನು ನಿರೀಕ್ಷಿಸುತ್ತಿದ್ದರು. ಈ ಮೂವರ ನಡುವೆ ಕವಿ ಎಲ್ಲಿಯೂ ಕಾಲಿಡುತ್ತಿರಲಿಲ್ಲ. ಅಡಿಗೆಯ ಹೆಸರನ್ನು ಬಾಯಿಪಾಠ ಮಾಡಿದವನಿಗೆ ಹಸಿವು ಹೋಗಲಿಲ್ಲವೆಂದು ಊಟವನ್ನು ದೂರುವಂತಿದೆ ನಮ್ಮ ತೀರ್ಮಾನ.

ಈ ತೊಂದರೆಯನ್ನು ಬಹಳ ಹಿಂದೆಯೇ ಕಂಡವರಲ್ಲಿ ಮೈಕಲ್ ವೆಸ್ಟ್ ಒಬ್ಬರು. ಢಾಕಾದ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಅವರು ೧೯೨೬ರಲ್ಲಿ ಬಂಗಾಳದ ದ್ವಿಭಾಷಾ ಸಮಸ್ಯೆಯನ್ನು ಕುರಿತು ಒಂದು ಗ್ರಂಥ ಬರೆದರು. ಬಂಗಾಳಿ ಹುಡುಗನಿಗೆ ಎಲ್ಲಕ್ಕಿಂತ ಮೊದಲು ದಕ್ಕಬೇಕಾದದ್ದು ಓದುವ ಶಕ್ತಿ ಎಂಬುದು ಅವರ ಮತ. ಆಗಿನ ವಾಚನ ಪುಸ್ತಕಗಳಲ್ಲಿ ಹೊಸ ಶಬ್ದಗಳು ತೀರ ದಟ್ಟವಾಗಿದ್ದವು. ಬಂದ ಶಬ್ದ ಮತ್ತೆ ಬಂದು ಬಳಕೆಗೆ ಒಗ್ಗುವ ಮೊದಲೇ ಇನ್ನೊಂದು ಬಂದು ಮೈಮೇಲೆ ಬೀಳುತ್ತಿತ್ತು. ವೆಸ್ಟ್ ಅವರು ಶಬ್ದಗಳನ್ನು ಮಿತಗೊಳಿಸಿ, ಒಂದೊಂದು ಶಬ್ದವೂ ಹಲವು ಬಾರಿ ಮರಳಿ ಬರುವಂತೆ ಮಾಡಿ, ಕತೆಗಳ ಪುಸ್ತಕಗಳನ್ನು ಸಿದ್ಧಪಡಿಸಿದರು. ಸುಮಾರು ೨,೦೦೦ ಶಬ್ದಗಳ ಅವರ ಪಟ್ಟಿ ೧೯೫೩ರಲ್ಲಿ ಅಚ್ಚಾಯಿತು. ಕಲಿಸುವವರಿಗೆ ಅದು ಬಹುಕಾಲ ಆಧಾರವಾಗಿತ್ತು. ನಮಗೆ ಬೇಕಾದ ಅಂಶ ಇಷ್ಟೆ: ವೆಸ್ಟ್ ಅವರಿಗೆ ಸಿಕ್ಕಿದ ಪರಿಹಾರ ಕತೆಯನ್ನು ಬಿಡುವುದಲ್ಲ, ಓದಿಸಿಕೊಳ್ಳುವಂಥ ಕತೆಯನ್ನು ಕೊಡುವುದು.

೩

ಕತೆಯನ್ನು ಓದುವುದರಿಂದ ಭಾಷೆ ಹೇಗೆ ಬರುತ್ತದೆ? ‘ಶಬ್ದಸಂಪತ್ತು ಬೆಳೆಯುತ್ತದೆ’ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಶಬ್ದವನ್ನು ನಿಘಂಟಿನಿಂದಲೂ ಪಡೆಯಬಹುದು. ನಿಘಂಟು ಕೊಡಲಾರದ, ವ್ಯಾಕರಣದ ಪುಸ್ತಕವೂ ಅರ್ಧಂಬರ್ಧ ಕೊಡುವ ಕೆಲವು ವಿಷಯಗಳಿವೆ. ಅವುಗಳನ್ನು ಕನ್ನಡಿಗನ ಕಡೆಯಿಂದಲೇ ನೋಡೋಣ.

ಕನ್ನಡದ ಹುಡುಗನನ್ನು ಅತಿಯಾಗಿ ಕಾಡುವುದು ಇಂಗ್ಲಿಷಿನ ಎರಡು ಸಣ್ಣ ಶಬ್ದಗಳು: ‘ಎ’ ಮತ್ತು ‘ದಿ’. ಇವಕ್ಕೆ ವ್ಯಾಕರಣದ ಪುಸ್ತಕದಲ್ಲಿ ಪುಟಗಟ್ಟಲೆ ನಿಯಮಗಳಿವೆ, ನಿಯಮಗಳಿಗೆ ಅಪವಾದಗಳಿವೆ. ಅವನ್ನೆಲ್ಲ ಓದಿದವನೂ ಬರೆಯುವಾಗ ಎಲ್ಲೆಂದರಲ್ಲಿ ಒಂದನ್ನು ಚುಚ್ಚಿ ಮುಂದೆ ಹೋಗುತ್ತಾನೆ. ಆದರೆ ಇವನಿಗೆ ಆ ವಿವೇಕ ಹುಟ್ಟಿನಿಂದ ಇಲ್ಲವೇ? ಅಜ್ಜಿ ಕತೆ ಹೇಳುವಾಗ ‘ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ’ ಎಂದು ತೊಡಗುತ್ತಾಳೆ. ಮರುವಾಕ್ಯದಲ್ಲಿ ‘ಆ ರಾಜನಿಗೆ’ ಎನ್ನುತ್ತಾಳೆ. ‘ಒಬ್ಬ’ ಎಂದಾಗ ರಾಜ ನಮಗೆ ಹೊಸಬ; ‘ಆ’ ಎಂದಾಗ ಪರಿಚಿತ. ‘ಪುಸ್ತಕ ಓದಿದೆ’ ಎಂಬುದಕ್ಕೂ ‘ಪುಸ್ತಕವನ್ನು ಓದಿದೆ’ ಎಂಬುದಕ್ಕೂ ನಡುವೆ ಇರುವ ಸೂಕ್ಷ್ಮವೂ ಇದೇ ಜಾತಿಯದು. ಎರಡನೆಯ ಮಾತಿನಲ್ಲಿ ಕೇಳುವವನಿಗೆ ಯಾವ ಪುಸ್ತಕವೆಂದು ಸಾಮಾನ್ಯವಾಗಿ ಮೊದಲೇ ಗೊತ್ತು. ಹೊಸದು ಯಾವುದು, ತಿಳಿದದ್ದು ಯಾವುದು ಎಂಬ ಲೆಕ್ಕವೇ ಇಂಗ್ಲಿಷಿನ ಆ ಎರಡು ಶಬ್ದಗಳ ಜೀವ. ಬಿಡಿ ವಾಕ್ಯದಲ್ಲಿ ಹೊಸದೂ ಇಲ್ಲ, ತಿಳಿದದ್ದೂ ಇಲ್ಲ. ಅಲ್ಲಿ ಈ ಭೇದ ಬರಿಯ ಕಟ್ಟಳೆ. ಕತೆಯಲ್ಲಿ ಮನುಷ್ಯರು ಹೊಸಬರಾಗಿ ಬಂದು ಪರಿಚಿತರಾಗುತ್ತಾರೆ. ಆದ್ದರಿಂದ ಕತೆಯೊಂದರಲ್ಲಿಯೇ ಈ ಭೇದಕ್ಕೆ ಅರ್ಥ ತುಂಬಿಕೊಳ್ಳುತ್ತದೆ.

ಇನ್ನೊಂದು ಉದಾಹರಣೆ. ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎನ್ನುವಾಗ ನಾವು ಅವನ ಮಾತನ್ನು ಇದ್ದಂತೆಯೇ ಎತ್ತಿ ‘ಎಂದು’ ಎಂಬ ಬುಟ್ಟಿಯಲ್ಲಿಟ್ಟು ಕೊಡುತ್ತೇವೆ. ‘ನಾನು’ ನಾನೇ ಆಗಿ ಉಳಿಯುತ್ತದೆ, ಕಾಲವೂ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಮಾತನ್ನು ಪರೋಕ್ಷವಾಗಿ ಹೇಳುವವನು ಅದನ್ನು ತನ್ನ ಸ್ಥಾನದಿಂದ ನೋಡಿ ಹೇಳಬೇಕು: ‘ಐ’ ಎಂಬುದು ‘ಹೀ’ ಆಗುತ್ತದೆ, ‘ವಿಲ್’ ಎಂಬುದು ‘ವುಡ್’ ಆಗುತ್ತದೆ. ‘ಹೀ ಟೋಲ್ಡ್ ಐ ವಿಲ್ ಕಮ್’ ಎಂದು ಬರೆಯುವ ಹುಡುಗ ದಡ್ಡನಲ್ಲ, ಅವನು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾನೆ. ನೇರ ಮಾತನ್ನು ಪರೋಕ್ಷಕ್ಕೆ ತಿರುಗಿಸುವ ನೂರು ಅಭ್ಯಾಸಗಳನ್ನು ಮಾಡಿಸಿದರೂ ಈ ತಪ್ಪು ಹೋಗುವುದು ಕಷ್ಟ. ಕಾದಂಬರಿಯಲ್ಲಿ ಒಬ್ಬನ ಮಾತನ್ನು ಇನ್ನೊಬ್ಬನು ಮೂರನೆಯವನಿಗೆ ತಲುಪಿಸುವುದನ್ನು, ತಲುಪಿಸುವಾಗ ಸ್ವಲ್ಪ ತಿರುಚುವುದನ್ನು ಓದಿದಾಗ, ಯಾರು ಎಲ್ಲಿ ನಿಂತು ನುಡಿಯುತ್ತಿದ್ದಾರೆಂಬುದು ಕಣ್ಣಿಗೆ ಕಟ್ಟುತ್ತದೆ. ಆಗ ನಿಯಮದ ಕಾರಣ ತಿಳಿಯುತ್ತದೆ. ಕಾರಣ ತಿಳಿದ ನಿಯಮ ಮನಸ್ಸಿನಲ್ಲಿ ನಿಲ್ಲುತ್ತದೆ.

ಶಬ್ದಗಳ ಸ್ನೇಹ ಸಂಬಂಧದ ಮಾತೂ ಹೀಗೆಯೇ. ಕನ್ನಡದಲ್ಲಿ ಮಳೆ ಬರುತ್ತದೆ, ಗಾಳಿ ಬೀಸುತ್ತದೆ; ಅನ್ನವನ್ನೂ ತಿನ್ನುತ್ತೇವೆ, ಪೆಟ್ಟನ್ನೂ ತಿನ್ನುತ್ತೇವೆ. ಇದಕ್ಕೆ ಕಾರಣ ಕೇಳಿದರೆ ಯಾವ ವೈಯಾಕರಣನೂ ಹೇಳಲಾರ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಅದಲು ಬದಲು ಮಾಡಿದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಒರಟಾಗುತ್ತದೆ. ಇಂಥ ಸಾವಿರಾರು ಜೊತೆಗಳನ್ನು ಪಟ್ಟಿಮಾಡಿ ಕಲಿಸಹೊರಟರೆ ಆಯುಸ್ಸು ಸಾಲದು. ಓದುತ್ತ ಓದುತ್ತ ಕಿವಿಯೇ ಪಳಗಬೇಕು.

ಕೊನೆಯದಾಗಿ, ಮರ್ಯಾದೆಯ ಪ್ರಶ್ನೆ. ನಮ್ಮಲ್ಲಿ ‘ನೀನು’ ‘ನೀವು’ ಎಂಬ ಭೇದವಿದೆ. ಕ್ರಿಯಾಪದದ ಕೊನೆಯಲ್ಲಿಯೇ ಗೌರವ ಕುಳಿತಿರುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ ‘ಯು’. ಆದ್ದರಿಂದ ಆ ಭಾಷೆಯಲ್ಲಿ ವಿನಯಕ್ಕೆ ಸ್ಥಳವೇ ಇಲ್ಲವೆಂದು ನಮ್ಮ ಹುಡುಗ ತಿಳಿಯುತ್ತಾನೆ. ‘ಪ್ಲೀಸ್’ ಎಂಬ ಒಂದು ಶಬ್ದವನ್ನು ಮುಂದೆ ಅಂಟಿಸಿ ಮೇಲಧಿಕಾರಿಗೆ ಆಜ್ಞೆಯನ್ನೇ ಮಾಡುತ್ತಾನೆ. ಅಲ್ಲಿ ವಿನಯ ವಾಕ್ಯದ ವಕ್ರತೆಯಲ್ಲಿದೆ: ಕೇಳುವುದನ್ನು ಪ್ರಶ್ನೆಯಾಗಿಸುವುದರಲ್ಲಿ, ‘ಕುಡ್’, ‘ವುಡ್’ಗಳ ಹಿಂಜರಿಕೆಯಲ್ಲಿ. ಸಂವಹನದ ಪಠ್ಯಪುಸ್ತಕ ಇದಕ್ಕೆ ನಾಲ್ಕು ಮಾದರಿ ವಾಕ್ಯಗಳನ್ನು ಕೊಡುತ್ತದೆ. ಆದರೆ ಯಾರು ಯಾರಿಗೆ, ಯಾವ ಮನಸ್ಸಿನಲ್ಲಿ, ಏನನ್ನು ಮುಚ್ಚಿಟ್ಟುಕೊಂಡು ಹಾಗೆ ನುಡಿಯುತ್ತಾರೆ ಎಂಬುದನ್ನು ತೋರಿಸಬಲ್ಲದ್ದು ಕತೆ ಮತ್ತು ನಾಟಕ ಮಾತ್ರ.

೪

ಹಾಗಾದರೆ ಯಾವ ಸಾಹಿತ್ಯ? ಇಲ್ಲಿ ನಾನು ಡ್ಯಾಫೊಡಿಲ್ ಬೇಡವೆಂದ ಸ್ನೇಹಿತರ ಕಡೆಗೆ ಅರ್ಧ ದಾರಿ ನಡೆದುಹೋಗಲು ಸಿದ್ಧ. ಮೊದಲ ಹೆಜ್ಜೆಯಲ್ಲಿಯೇ ಹಳೆಯ ಕಾವ್ಯವನ್ನು ಕೊಟ್ಟರೆ ಓದುಗನಿಗೆ ಎರಡು ಹೊರೆ: ಭಾಷೆಯೂ ದೂರ, ಲೋಕವೂ ದೂರ. ಒಂದಾದರೂ ಹತ್ತಿರವಿರಬೇಕು. ನನ್ನ ಅನುಭವದಲ್ಲಿ ಲೋಕ ಹತ್ತಿರವಿದ್ದರೆ ಭಾಷೆ ತಾನಾಗಿ ಹತ್ತಿರ ಬರುತ್ತದೆ.

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಅದು ಲಂಡನ್ನಿನಲ್ಲಿ ೧೯೩೫ರಲ್ಲಿ ಪ್ರಕಟವಾಯಿತು. ಪ್ರಕಾಶಕರು ದೊರೆಯುವಂತೆ ಮಾಡಿದವರು ಗ್ರೇಯಮ್ ಗ್ರೀನ್. ಬರೆದವರು ಮೈಸೂರಿನಲ್ಲಿ ಬಾಳಿದವರು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತಪ್ಪಿ, ಒಂದು ವರ್ಷ ಮನೆಯಲ್ಲಿ ಕುಳಿತು ತಮಗೆ ಇಷ್ಟವಾದದ್ದನ್ನು ಓದಿದವರು. ೧೯೮೬ರ ನಂತರ ದೂರದರ್ಶನದಲ್ಲಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬಂದ ಮೇಲೆ ಸ್ವಾಮಿ ನಮ್ಮ ಮನೆಗಳಿಗೆ ಆಗುಂಬೆಯ ಹುಡುಗನಾಗಿಯೇ ಬಂದ. ಸೋಮವಾರದ ಬೆಳಗ್ಗೆ ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗ, ಕೋಪದ ತಂದೆ, ಕತೆ ಹೇಳುವ ಅಜ್ಜಿ, ಬೆತ್ತ ಹಿಡಿದ ಹೆಡ್‌ಮಾಸ್ತರು: ಇವರಲ್ಲಿ ಯಾರನ್ನು ನಮ್ಮ ವಿದ್ಯಾರ್ಥಿಗೆ ಪರಿಚಯಿಸಿಕೊಡಬೇಕು? ಎಲ್ಲರೂ ಅವನ ಬೀದಿಯವರೇ. ವಾಕ್ಯಗಳು ಸಣ್ಣವು, ಶಬ್ದಗಳು ದಿನಬಳಕೆಯವು. ಅಷ್ಟರ ಒಳಗೇ ತಂದೆಯ ಮಾತಿನ ಧಾಟಿ ಬೇರೆ, ಅಜ್ಜಿಯದು ಬೇರೆ, ಪೊಲೀಸು ಅಧಿಕಾರಿಯ ಮಗ ರಾಜಮನದು ಬೇರೆ.

ಈ ಕಾದಂಬರಿಯಲ್ಲಿ ಒಂದು ಪ್ರಸಂಗವಿದೆ. ಸ್ವಾಮಿಯ ತಂದೆ ಮಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು. ಅವನ್ನು ಮಾರಿ ಅವನಿಗೆ ಹದಿನೈದಾಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ. ಕೃಷ್ಣ ಎಷ್ಟು ಕೊಡಬೇಕು? ಹುಡುಗನ ಮನಸ್ಸು ಲೆಕ್ಕದ ಕಡೆ ಹರಿಯುವುದಿಲ್ಲ. ರಾಮ ಕೃಷ್ಣರ ಕಡೆ, ಆ ಹಣ್ಣುಗಳ ಕಡೆ ಹರಿಯುತ್ತದೆ. ಹಣ್ಣು ಮಾಗಿದೆಯೋ ಇಲ್ಲವೋ ಎಂದು ಅವನು ತಂದೆಯನ್ನು ಕೇಳುತ್ತಾನೆ. ಪಾಠ ಕಣ್ಣೀರಿನಲ್ಲಿ ಮುಗಿಯುತ್ತದೆ.

ಓದಿದವರೆಲ್ಲ ಈ ಪ್ರಸಂಗಕ್ಕೆ ನಗುತ್ತಾರೆ. ನನಗೆ ಮಾತ್ರ ಇದನ್ನು ಓದಿದಾಗಲೆಲ್ಲ ನಮ್ಮ ಭಾಷಾ ಪಾಠಗಳು ನೆನಪಾಗುತ್ತವೆ. ಲೆಕ್ಕದ ಪುಸ್ತಕದ ಮಾವಿನಹಣ್ಣಿಗೆ ಬೆಲೆಯಿದೆ, ರುಚಿಯಿಲ್ಲ. ಗಣಿತಕ್ಕೆ ಅಷ್ಟು ಸಾಕು, ಸಾಕಾಗಲೇಬೇಕು. ಆದರೆ ಭಾಷೆಯನ್ನೂ ನಾವು ಹಾಗೆಯೇ ಕಲಿಸುತ್ತಿದ್ದೇವೆ. ಸಂವಹನದ ಪಠ್ಯದಲ್ಲಿ ಒಬ್ಬ ರಮೇಶ ಬ್ಯಾಂಕಿಗೆ ಹೋಗುತ್ತಾನೆ, ಒಬ್ಬಳು ಗೀತ ರೈಲಿನ ಟಿಕೆಟ್ಟು ಕೇಳುತ್ತಾಳೆ. ರಮೇಶನಿಗೆ ಸಾಲ ಏಕೆ ಬೇಕಾಯಿತು? ಗೀತ ಯಾರನ್ನು ನೋಡಲು ಹೊರಟಿದ್ದಾಳೆ? ಪುಸ್ತಕ ಹೇಳುವುದಿಲ್ಲ, ಹುಡುಗ ಕೇಳುವುದೂ ಇಲ್ಲ. ಕೇಳಬೇಕೆನ್ನಿಸದ ಕಡೆ ಅವನಿಗೆ ಹೇಳಲೂ ಏನೂ ಇರುವುದಿಲ್ಲ. ಹಣ್ಣು ಮಾಗಿದೆಯೇ ಎಂದು ಕೇಳುವ ಹುಡುಗನೇ ಭಾಷೆಯನ್ನು ಕಲಿಯುವ ಹುಡುಗ. ಅವನ ಪ್ರಶ್ನೆಗೆ ಎಡೆಕೊಡುವ ಬರಹಕ್ಕೆ ನಾವು ಸಾಹಿತ್ಯವೆಂದು ಹೆಸರಿಟ್ಟಿದ್ದೇವೆ.

೫

ಇದು ಸಾಹಿತ್ಯವನ್ನು ಪ್ರೀತಿಸುವವನ ಪಕ್ಷಪಾತವೆಂದು ಹೇಳಿಬಿಡಬಹುದು. ಆದ್ದರಿಂದ ಪ್ರಯೋಗ ಮಾಡಿ ನೋಡಿದವರ ಮಾತನ್ನೂ ಕೇಳೋಣ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ೧೯೮೦ರ ಸುಮಾರಿನಲ್ಲಿ ವಾರಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಇಬ್ಬರು ವಿದ್ವಾಂಸರು ಹಳ್ಳಿಗಾಡಿನ ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡರು. ಅಲ್ಲಿಯ ಮಕ್ಕಳಿಗೂ ಇಂಗ್ಲಿಷು ಮನೆಯ ಮಾತಲ್ಲ. ಕೆಲವು ತರಗತಿಗಳಿಗೆ ಸುಮಾರು ೨೫೦ ಕತೆ ಪುಸ್ತಕಗಳನ್ನು ಕೊಟ್ಟು ಓದಿಸಿದರು. ಉಳಿದ ತರಗತಿಗಳಲ್ಲಿ ವಾಕ್ಯದ ಮಾದರಿಗಳನ್ನು ಬಾಯಲ್ಲಿ ಹೇಳಿಸುವ ಎಂದಿನ ಪಾಠ ನಡೆಯಿತು. ೧೯೮೩ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕತೆ ಓದಿದ ಮಕ್ಕಳು ಓದಿ ಗ್ರಹಿಸುವುದರಲ್ಲಿ ಉಳಿದವರಿಗಿಂತ ಬಹಳ ಬೇಗ ಮುಂದೆ ಹೋದರು. ಎರಡನೆಯ ವರ್ಷ ಆ ಲಾಭ ಬರವಣಿಗೆಗೂ ವ್ಯಾಕರಣಕ್ಕೂ ಹರಡಿತು. ವ್ಯಾಕರಣದ ಅಭ್ಯಾಸವನ್ನೇ ಹೆಚ್ಚಾಗಿ ಮಾಡಿದವರಿಗಿಂತ ಕತೆ ಓದಿದವರು ವ್ಯಾಕರಣದಲ್ಲಿಯೂ ಮುಂದಾದದ್ದು ಯೋಚಿಸತಕ್ಕ ಸಂಗತಿ.

ನಮ್ಮ ಹತ್ತಿರದ ಸಾಕ್ಷ್ಯವೂ ಒಂದಿದೆ. ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದೇ ಹೊರದೇಶಗಳಲ್ಲಿಯೂ ಹೆಸರಾಗಿದೆ. ಮನಸ್ಸು ಅರ್ಥದಲ್ಲಿ ತೊಡಗಿದಾಗಲೇ ಭಾಷೆಯ ರೂಪ ತಿಳಿಯದಂತೆ ಒಳಗೆ ಇಳಿಯುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು: ಪ್ರಭು ಅವರ ತರಗತಿಯಲ್ಲಿ ಮುಖ್ಯವಾಗಿ ಇದ್ದದ್ದು ಕತೆಗಳಲ್ಲ, ರೈಲಿನ ವೇಳಾಪಟ್ಟಿ, ನಕ್ಷೆ, ಇವುಗಳನ್ನು ಆಧರಿಸಿದ ಸಮಸ್ಯೆಗಳು. ಅಂದರೆ ವೇಳಾಪಟ್ಟಿಯಿಂದಲೂ ಭಾಷೆ ಕಲಿಯಬಹುದು. ಅದರಲ್ಲಿ ಬಿಡಿಸಲೇಬೇಕೆನ್ನಿಸುವ ಒಂದು ಗಂಟು ಇರಬೇಕು. ನನ್ನ ಜಗಳ ವೇಳಾಪಟ್ಟಿಯೊಡನೆ ಅಲ್ಲ, ಗಂಟೇ ಇಲ್ಲದ ದಾರವನ್ನು ಹುಡುಗರ ಕೈಗೆ ಕೊಡುವ ಪಾಠದೊಡನೆ. ಗಂಟುಗಳನ್ನು ಧಾರಾಳವಾಗಿ ಒದಗಿಸುವ ಅಗ್ಗದ ಮೂಲ ಕತೆಗಿಂತ ಬೇರೆ ನನಗೆ ತೋರುವುದಿಲ್ಲ.

ಇಂಗ್ಲಿಷು ಸಾಹಿತ್ಯವನ್ನು ಹೀಗೆ ಓದಿಸಿದರೆ ಹುಡುಗ ಕನ್ನಡಕ್ಕೆ ಎರವಾಗುತ್ತಾನೆ ಎಂಬ ಭಯವೂ ಕೆಲವರಿಗಿದೆ. ನಮ್ಮ ಸಾಹಿತ್ಯ ಚರಿತ್ರೆ ಆ ಭಯಕ್ಕೆ ಉತ್ತರ ಕೊಟ್ಟಿದೆ. ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಅವರ ‘ಇಂಗ್ಲಿಷ್ ಗೀತಗಳು’ ಕನ್ನಡಕ್ಕೆ ಹೊಸ ಛಂದಸ್ಸಿನ ದಾರಿಯನ್ನು ತೋರಿತು. ಕುವೆಂಪು ಅವರು ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷು ಕವನಗಳ ಪುಸ್ತಿಕೆಯಿಂದ ೧೯೨೨ರಲ್ಲಿ ತೊಡಗಿ, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯಂತೆ ಕನ್ನಡಕ್ಕೆ ತಿರುಗಿದರು. ಗೋಕಾಕ್, ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷಿನ ಅಧ್ಯಾಪಕರೇ. ಆಳವಾಗಿ ಓದಿದವನು ಮರಳಿ ಬರುತ್ತಾನೆ. ಮೇಲುಮೇಲೆ ಕಲಿತವನು ಎರಡು ಭಾಷೆಗಳ ನಡುವೆ ನಿಂತುಬಿಡುತ್ತಾನೆ. ಕೆನಡ ದೇಶದ ಜಿಮ್ ಕಮ್ಮಿನ್ಸ್ ಎಂಬ ವಿದ್ವಾಂಸರು ೧೯೭೯ರಿಂದ ಪ್ರತಿಪಾದಿಸುತ್ತ ಬಂದಿರುವ ಮತವೂ ಇದಕ್ಕೆ ಹೊಂದುತ್ತದೆ: ಮನೆಮಾತಿನಲ್ಲಿ ಗಳಿಸಿದ ಓದಿನ ಶಕ್ತಿ ಎರಡನೆಯ ಭಾಷೆಗೂ ಬಂಡವಾಳವಾಗುತ್ತದೆ. ಕನ್ನಡದಲ್ಲಿ ಒಂದು ಕಾದಂಬರಿಯನ್ನೂ ಓದದ ಹುಡುಗ ಇಂಗ್ಲಿಷಿನಲ್ಲಿ ಓದುತ್ತಾನೆಂದು ನಂಬುವುದು ಕಷ್ಟ. ಈ ಬಂಡವಾಳದ ವಿಷಯದಲ್ಲಿ ಕನ್ನಡದ ಅಧ್ಯಾಪಕರಾದ ನಮ್ಮ ಹೊಣೆಯೂ ಸಣ್ಣದಲ್ಲ.

೬

ಇಷ್ಟು ಹೇಳಿದ ಮೇಲೆ ಎಲ್ಲವೂ ಸುಲಭವೆಂಬ ಭ್ರಮೆಯನ್ನು ಓದುಗರಲ್ಲಿ ಹುಟ್ಟಿಸಬಾರದು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಎರಡು ಬಾರಿ ನಪಾಸಾಗಿ, ಓದು ನಿಲ್ಲಿಸುವ ಯೋಚನೆಯಲ್ಲಿ ನನ್ನ ಹತ್ತಿರ ಬಂದಳು. ಕನ್ನಡದಲ್ಲಿ ಅವಳಿಗೆ ಒಳ್ಳೆಯ ಕೈ ಇತ್ತು. ನಾನು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪುಸ್ತಕವನ್ನು ಕೊಟ್ಟು, ದಿನಕ್ಕೆ ಎರಡು ಪುಟ ಓದು, ನಿಘಂಟನ್ನು ದಿನಕ್ಕೆ ಐದು ಸಲಕ್ಕಿಂತ ಹೆಚ್ಚು ತೆರೆಯಬೇಡ, ವಾರಕ್ಕೊಮ್ಮೆ ಬಂದು ಕತೆ ಎಲ್ಲಿಯವರೆಗೆ ಬಂತೆಂದು ಹೇಳು ಎಂದೆ. ಮೊದಲ ವಾರಗಳಲ್ಲಿ ಕನ್ನಡದಲ್ಲಿಯೇ ಹೇಳಿದಳು, ನಾನು ತಡೆಯಲಿಲ್ಲ. ಮೂರನೆಯ ತಿಂಗಳಿನಲ್ಲಿ ಒಂದು ದಿನ ರಾಜಮನ ಮೇಲೆ ಸಿಟ್ಟು ಬಂದು, ಆ ಸಿಟ್ಟಿನಲ್ಲಿಯೇ ನಾಲ್ಕಾರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಆಡಿದಳು. ತಪ್ಪುಗಳಿದ್ದವು. ಆದರೆ ಅವು ಅವಳವೇ ಆದ ವಾಕ್ಯಗಳು.

ಪರೀಕ್ಷೆ ಬಂತು. ಈ ಸಲ ತೇರ್ಗಡೆಯಾದಳು. ಬಂದದ್ದು ಬಹಳ ಕಡಿಮೆ ಅಂಕ. ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿ ನೋಡಿದೆವು. ಪಾಠದಲ್ಲಿದ್ದ ಒಂದು ಕತೆಯನ್ನು ಕುರಿತ ಪ್ರಶ್ನೆಗೆ ಅವಳು ಗೈಡನ್ನು ನೋಡದೆ ಸ್ವಂತವಾಗಿ ಒಂದೂವರೆ ಪುಟ ಬರೆದಿದ್ದಳು. ಹತ್ತಕ್ಕೆ ಮೂರು ಬಂದಿತ್ತು. ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಬರೆದಿದ್ದ ಅವಳ ಗೆಳತಿಗೆ ಎಂಟು. ‘ನಾನು ಓದಿದ್ದು ತಪ್ಪಾಯಿತೇ ಸಾರ್?’ ಎಂದು ಅವಳು ಕೇಳಿದಾಗ ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಪರೀಕ್ಷಕರನ್ನು ದೂರಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ದಿನವೂ ಕಟ್ಟುಗಟ್ಟಲೆ ಪತ್ರಿಕೆಗಳನ್ನು ತಿದ್ದಬೇಕಾದವರಿಗೆ ಒಂದೇ ಅಚ್ಚಿನ ಉತ್ತರ ಅನುಕೂಲವೆಂಬುದು ಆ ಕೆಲಸ ಮಾಡಿರುವ ನನಗೂ ಗೊತ್ತು. ನನ್ನ ಕೆಂಪು ಶಾಯಿಯೂ ಅಂಥ ಉತ್ತರಗಳ ಮೇಲೆ ನಿಲ್ಲದೆ ಓಡಿದ್ದುಂಟು.

ಆದರೆ ಆ ಹುಡುಗಿಯ ಪ್ರಶ್ನೆಯಲ್ಲಿಯೇ ನಮ್ಮ ಸಮಸ್ಯೆಯ ಬೇರು ಇದೆ. ಸಾಹಿತ್ಯವನ್ನು ಪಠ್ಯದಿಂದ ತೆಗೆದರೂ, ಇಟ್ಟರೂ, ಕಂಠಪಾಠಕ್ಕೆ ಎಂಟು ಓದಿಗೆ ಮೂರು ಎಂಬ ನ್ಯಾಯ ಇರುವವರೆಗೆ ಯಾವ ಬದಲಾವಣೆಯೂ ಬದಲಾವಣೆಯಲ್ಲ. ಈಗಾಗಲೇ ಸಂವಹನದ ಪಾಠಗಳಿಗೂ ಗೈಡುಗಳು ಬಂದಿವೆ. ಸಂದರ್ಶನದಲ್ಲಿ ತನ್ನನ್ನು ಕುರಿತು ಹೇಳಬೇಕಾದ ಮಾತನ್ನೂ ಹುಡುಗ ಇನ್ನೊಬ್ಬರು ಬರೆದದ್ದನ್ನು ಉರು ಹೊಡೆದು ಒಪ್ಪಿಸುತ್ತಾನೆ.

ಮಾಡಬೇಕಾದದ್ದು ದೊಡ್ಡ ಸುಧಾರಣೆಯೇನೂ ಅಲ್ಲ. ಪಠ್ಯದಲ್ಲಿ ಹತ್ತು ತುಣುಕುಗಳ ಬದಲು ಪೂರ್ತಿಯಾದ ಒಂದು ಸಣ್ಣ ಪುಸ್ತಕವಿರಲಿ. ಅದರ ಮೇಲಿನ ಪ್ರಶ್ನೆ, ಪುಸ್ತಕವನ್ನು ಓದದವನು ಉತ್ತರಿಸಲಾರದಂಥದಾಗಿರಲಿ: ರಾಜಮನ ಮೇಲೆ ನಿನಗೆ ಸಿಟ್ಟು ಬಂತೇ, ಏಕೆ ಎಂಬಂಥದು. ತಪ್ಪಿಲ್ಲದ ಎರವಲು ವಾಕ್ಯಕ್ಕಿಂತ ತಪ್ಪಿರುವ ಸ್ವಂತ ವಾಕ್ಯಕ್ಕೆ ಒಂದು ಅಂಕವಾದರೂ ಹೆಚ್ಚು ದೊರೆಯಲಿ. ಮನೆಯಲ್ಲಿ ತಂದೆ ತಾಯಿಗಳು ಮೂರು ತಿಂಗಳ ತರಗತಿಗೆ ಕಟ್ಟುವ ಹಣದಲ್ಲಿ ನಾಲ್ಕು ಕತೆ ಪುಸ್ತಕಗಳನ್ನು, ಎರಡು ಇಂಗ್ಲಿಷಿನವು ಎರಡು ಕನ್ನಡದವು, ಕೊಂಡು ಮಗುವಿನ ಕೈಗೆ ಸಿಗುವಂತೆ ಇಡಲಿ.

ನಾರಾಯಣರ ಕಾದಂಬರಿಯ ಕೊನೆಯಲ್ಲಿ ಸ್ವಾಮಿ ಮುಂಜಾನೆಯೇ ರೈಲು ನಿಲ್ದಾಣಕ್ಕೆ ಹೋಗುತ್ತಾನೆ. ಮುನಿಸಿಕೊಂಡ ಗೆಳೆಯ ಊರು ಬಿಟ್ಟು ಹೊರಟಿದ್ದಾನೆ. ಅವನಿಗೆ ಕೊಡಲೆಂದು ಸ್ವಾಮಿ ತಂದಿರುವುದು ಆಂಡರ್ಸನ್ನನ ಕತೆಗಳ ಪುಸ್ತಕ. ಡೇನಿಷ್ ಭಾಷೆಯಲ್ಲಿ ಹುಟ್ಟಿ, ಇಂಗ್ಲಿಷಿಗೆ ಬಂದು, ಮಾಲ್ಗುಡಿಯ ಹುಡುಗನ ಕೈ ಸೇರಿದ ಪುಸ್ತಕ ಅದು. ಲೆಕ್ಕದಲ್ಲಿ ಹಿಂದೆ ಬಿದ್ದು ಅತ್ತ ಹುಡುಗನಿಗೆ ತನ್ನ ಪ್ರೀತಿಯನ್ನು ತಿಳಿಸಲು ಅದಕ್ಕಿಂತ ಒಳ್ಳೆಯ ವಸ್ತು ತೋರಲಿಲ್ಲ. ನನ್ನ ವಿದ್ಯಾರ್ಥಿನಿಯೂ ಪದವಿ ಮುಗಿಸಿ ಹೊರಡುವ ದಿನ ಆ ಕಾದಂಬರಿಯನ್ನು ಹಿಂದಿರುಗಿಸಲು ತಂದಿದ್ದಳು. ಇಟ್ಟುಕೋ ತಾಯಿ, ಎಂದೆ. ಅವಳ ಪ್ರಶ್ನೆಗೆ ಅಂದು ನಾನು ಕೊಡಬಲ್ಲ ಉತ್ತರ ಅಷ್ಟೇ ಆಗಿತ್ತು.